ಬೀರುವಿನ ಕಾಲಿಗೆ ಸೀಸ

ಮನೆಯಲ್ಲಿ ಅಲುಗಾಡುವ ಸಾಮಾನೊಂದಿದ್ದರೆ ಅದರ ಕಾಲಿನ ಕೆಳಗೆ ರಟ್ಟಿನ ಚೂರೊಂದನ್ನು ಮಡಿಚಿ ತುರುಕುವುದು ಲೋಕರೂಢಿ. ಈ ರೂಢಿಯನ್ನು ಹಿರಿಯರು ಯಾವ ಗ್ರಂಥದಲ್ಲಿಯೂ ಬರೆದಿಡಲಿಲ್ಲ; ಬರೆದಿಡುವಷ್ಟು ದೊಡ್ಡ ಸಂಗತಿಯೆಂದು ಅವರಿಗೆ ತೋರಿರಲಾರದು. ಬರೆದಿಟ್ಟಿದ್ದರೆ ಅಣು ಮೇಷ್ಟ್ರು ಓದಿ ನಂಬುತ್ತಿದ್ದರು. ಹೆಂಡತಿ ಬಾಯಿಮಾತಿನಲ್ಲಿ ಹೇಳಿದ್ದರಿಂದ ನಂಬಲಿಲ್ಲ.

ಅಣು ಮೇಷ್ಟ್ರು ಎಂಬುದು ಬೀದಿಯವರು ಇಟ್ಟ ಹೆಸರು. ಕಟ್ಟುನಿಟ್ಟಾಗಿ ನೋಡಿದರೆ ಅವರು ಮೇಷ್ಟ್ರೂ ಅಲ್ಲ. ಅಣುವಿಗೂ ಅವರಿಗೂ ಇದ್ದ ನಂಟು ಒಂದು ಮೂಲೆಯ ಮೇಜಿನಷ್ಟು ಮಾತ್ರ. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಉಪಕರಣಗಳನ್ನು ಜೋಡಿಸಿಡುವುದು, ವಿದ್ಯಾರ್ಥಿಗಳು ಕೆಡಿಸದಂತೆ ಕಾಯುವುದು, ಕೆಡಿಸಿದ ಮೇಲೆ ಸರಿಪಡಿಸುವುದು ಅವರ ಉದ್ಯೋಗ. ಉಳಿದ ಮೇಜುಗಳ ಮೇಲೆ ಲೋಲಕ, ಮಸೂರ, ತಂತಿಯ ಸುರುಳಿಗಳಿದ್ದವು. ಮೂಲೆಯ ಮೇಜಿನ ಮೇಲೆ ಮಾತ್ರ ವಿಕಿರಣದ ಪ್ರಯೋಗ. ಅಂಗಿಯ ಗುಂಡಿಯಷ್ಟು ಗಾತ್ರದ, ಹೆಚ್ಚು ಪ್ರಬಲವಲ್ಲದ ವಿಕಿರಣದ ಬಿಲ್ಲೆಗಳನ್ನು ಒಂದೊಂದಾಗಿ ಚಿಮಟದಿಂದ ಹಿಡಿದು ಚೌಕಟ್ಟಿನಲ್ಲಿ ಕೂರಿಸಬೇಕು. ಎದುರಿಗಿರುವ ಎಣಿಕೆಯ ಯಂತ್ರ ಟಿಕ್ ಟಿಕ್ ಎನ್ನತೊಡಗುತ್ತದೆ. ನಡುವೆ ಕಾಗದವಿಟ್ಟರೆ ಆಲ್ಫಾ ಕಿರಣ ಅಲ್ಲಿಗೇ ನಿಲ್ಲುತ್ತದೆ. ಅಲ್ಯೂಮಿನಿಯಂ ತಗಡಿಟ್ಟರೆ ಬೀಟಾ ನಿಲ್ಲುತ್ತದೆ. ಗಾಮಾ ಮಾತ್ರ ಇವೆರಡನ್ನೂ ಲೆಕ್ಕಕ್ಕೇ ತೆಗೆದುಕೊಳ್ಳದೆ ಹಾದುಹೋಗಿ, ಸೀಸದ ಹಲಗೆಯ ಮುಂದೆ ಬಂದಾಗಷ್ಟೇ ಸೊರಗುತ್ತದೆ. ಯಾವ ಕಿರಣಕ್ಕೆ ಯಾವ ವಸ್ತು ಎಂಬುದನ್ನು ಮೇಷ್ಟ್ರು ವರ್ಷವರ್ಷವೂ ಹೇಳುತ್ತ ಬಂದಿದ್ದರು. ವಿದ್ಯಾರ್ಥಿಗಳು ವರ್ಷವರ್ಷವೂ ಕಿಟಕಿಯ ಹೊರಗೆ ನೋಡುತ್ತ ಬಂದಿದ್ದರು. ತಮ್ಮ ಮಾತನ್ನು ಯಾರಾದರೂ ಒಮ್ಮೆ ಕಿವಿಗೊಟ್ಟು ಕೇಳಬೇಕೆಂಬುದೊಂದೇ ಅವರ ಬಾಳಿನ ಆಸೆ. ಅಂಥ ಆಸೆ ಈಡೇರಿದರೆ ಏನಾಗುತ್ತದೆಂದು ಆಗ ಅವರಿಗೆ ತಿಳಿದಿರಲಿಲ್ಲ.

ಅವರು ಬಾಡಿಗೆಗಿದ್ದದ್ದು ಎರಡಂತಸ್ತಿನ ಮನೆಯ ಕೆಳಭಾಗದಲ್ಲಿ. ಮೇಲೆ ಮನೆಯ ಯಜಮಾನರು. ತಾವೇ ಬಿಸಿಲಲ್ಲಿ ನಿಂತು ಕಟ್ಟಿಸಿದ ಮನೆಯೆಂಬ ಹೆಮ್ಮೆ ಯಜಮಾನರದು. ಬೀದಿಯಲ್ಲಿ ನಾಯಿಗಳ ಕಾಟವೆಂದು ಅವರು ಬೆಳಕು ಹರಿಯುವ ಮೊದಲೇ ಎದ್ದು, ಗಟ್ಟಿ ಅಟ್ಟೆಯ ಚಪ್ಪಲಿ ಮೆಟ್ಟಿ, ಮನೆಯೊಳಗೇ ಗೋಡೆಯಿಂದ ಗೋಡೆಗೆ ನಡೆದು ವ್ಯಾಯಾಮ ಮಾಡುತ್ತಿದ್ದರು. ಮಧ್ಯಾಹ್ನ ಉಂಡದ್ದು ಅರಗಲೆಂದು ಇನ್ನೊಂದು ಸುತ್ತು. ಅದರ ನೇರ ಕೆಳಗೆ ಮೇಷ್ಟ್ರ ಅತ್ತೆಯವರ ಕೋಣೆ. ಕೋಣೆಯಲ್ಲಿ ಒಂದು ಮಂಚ, ಮಂಚದ ಪಕ್ಕದಲ್ಲಿ ಕಬ್ಬಿಣದ ಬೀರು. ಬೀರುವಿನ ಮುಂಗಾಲೊಂದು ತುಕ್ಕು ಹಿಡಿದು ಬೆರಳಿನಷ್ಟು ಸವೆದುಹೋಗಿತ್ತು. ನೆಲ ತುಸು ಅದುರಿದರೂ ಬೀರು ತಲೆದೂಗುತ್ತಿತ್ತು. ತಲೆದೂಗಿದಾಗಲೆಲ್ಲ ಬಾಗಿಲು ತಾನಾಗಿ ತೆರೆದುಕೊಂಡು ಕೀರೆಂದು ಕೂಗುತ್ತಿತ್ತು. ಹೊಸದರಲ್ಲಿ ಆ ಸದ್ದಿಗೆ ಮನೆಮಂದಿಯೆಲ್ಲ ಬೆಚ್ಚುತ್ತಿದ್ದರು. ಬರಬರುತ್ತ ಅದು ಕಿವಿಗೆ ಹಳೆಯ ನೆಂಟನಂತಾಗಿ, ಬಂದದ್ದೂ ಹೋದದ್ದೂ ಯಾರ ಗಮನಕ್ಕೂ ಬಾರದಾಯಿತು.

ಅತ್ತೆಯವರು ಮಗಳ ಮನೆಗೆ ಬಂದ ದಿನದಿಂದಲೂ ಸರಿಯಾಗಿ ನಿದ್ದೆ ಮಾಡಿದವರಲ್ಲ. ಬೆಳಗಿನ ಜಾವವಾಗಲಿ ಮಧ್ಯಾಹ್ನವಾಗಲಿ, ಕಣ್ಣು ಹತ್ತುತ್ತಿದ್ದಂತೆಯೇ ಏನೋ ತಿವಿದಂತಾಗಿ ಎಚ್ಚರವಾಗುತ್ತದೆಂದು ಅವರ ದೂರು. ತಮಗೆ ನಿದ್ದೆಯಿಲ್ಲದ ಮನೆಯಲ್ಲಿ ಬೇರೆಯವರು ಗೊರಕೆ ಹೊಡೆಯುವುದು ಅವರ ನ್ಯಾಯಬುದ್ಧಿಗೆ ಒಪ್ಪುತ್ತಿರಲಿಲ್ಲವಾದ್ದರಿಂದ, ಎದ್ದವರು ಮಗಳನ್ನು ಎಬ್ಬಿಸುತ್ತಿದ್ದರು, ಮಗಳು ಗಂಡನನ್ನು. ಮೇಷ್ಟ್ರು ಎಬ್ಬಿಸಲು ಯಾರೂ ಉಳಿಯದೆ ಸುಮ್ಮನೆ ಕುಳಿತಿರುತ್ತಿದ್ದರು. ಅಳಿಯನ ವಿಷಯದಲ್ಲಿ ಅತ್ತೆಯವರಿಗೆ ದ್ವೇಷವೇನೂ ಇರಲಿಲ್ಲ. ನೇರವಾಗಿ ಮಾತನಾಡಿಸುವಷ್ಟು ಕಾರಣ ಕಂಡುಬಂದಿರಲಿಲ್ಲ, ಅಷ್ಟೆ. ಮೇಷ್ಟ್ರು ಎದುರಿಗೇ ನಿಂತಿದ್ದರೂ ಅವರು ಮಗಳ ಕಡೆ ತಿರುಗಿ, "ನಿನ್ನ ಗಂಡನಿಗೆ ಆ ಕಿಟಕಿ ಮುಚ್ಚೋಕೆ ಹೇಳು" ಎನ್ನುತ್ತಿದ್ದರು.

ಒಂದು ದಿನ ಬೀರುವಿನ ಬಾಗಿಲು ತೆರೆದುಕೊಂಡು ಮೇಷ್ಟ್ರ ಹಣೆಗೆ ಬಡಿಯಿತು. ಆಗ ಹೆಂಡತಿ, "ಒಂದು ರಟ್ಟು ಮಡಿಚಿ ಕಾಲಿಗೆ ಇಡ್ರಿ, ಸಾಕು" ಎಂದಳು.

ವಸ್ತುಗಳ ಸಾಂದ್ರತೆ, ದಪ್ಪ, ತಾಳಿಕೆಗಳನ್ನು ನಿತ್ಯವೂ ಬಲ್ಲವನಂತೆ ಮಾತನಾಡುವ ವ್ಯಕ್ತಿಗೆ ರಟ್ಟು ಮಡಿಚುವ ಸಲಹೆ! ಮೇಷ್ಟ್ರಿಗೆ ಹಣೆಯ ಬುಗುಟಿಗಿಂತ ಇದು ಹೆಚ್ಚು ನೋಯಿತು. ರಟ್ಟು ಕಾಲಕ್ರಮದಲ್ಲಿ ಕುಗ್ಗುತ್ತದೆ, ತೇವ ಹೀರುತ್ತದೆ, ಗೆದ್ದಲಿಗೆ ಆಹಾರವಾಗುತ್ತದೆ ಎಂದು ವಿವರಿಸಿದರು. ಹೆಂಡತಿ ಒಗ್ಗರಣೆಯ ಕಡೆಗೆ ಹೊರಟುಹೋದಳು. ಮರುದಿನ ಮೇಷ್ಟ್ರು ಕಾಲೇಜಿನಿಂದ ಬರುವಾಗ ಕೈಚೀಲವು ಅವರನ್ನು ಒಂದು ಪಕ್ಕಕ್ಕೆ ಜಗ್ಗಿಕೊಂಡು ಬರುತ್ತಿತ್ತು. ಅದರೊಳಗೆ, ನಾಲ್ಕು ದಿನದ ಮಟ್ಟಿಗೆಂದು ತಮಗೆ ತಾವೇ ಅನುಮತಿ ಕೊಟ್ಟುಕೊಂಡು ತಂದ, ಪುಸ್ತಕದಗಲದ, ಬೆರಳು ದಪ್ಪದ, ಬಣ್ಣ ಬಳಿದ ಸೀಸದ ಹಲಗೆಯಿತ್ತು.

ಹಲಗೆ ಬೀರುವಿನ ಕಾಲಡಿಗೆ ಹೇಳಿ ಮಾಡಿಸಿದಂತೆ ಕೂತಿತು. ಮಂಚದ ಮೇಲಿನಿಂದ ನೋಡುತ್ತಿದ್ದ ಅತ್ತೆಯವರು, ಅದೇನೆಂದು ಕೇಳಲು ಮಗಳಿಗೆ ಹೇಳಿದರು. 'ಕಾಲಿಗೆ ಆನಿಕೆ' ಎಂದಿದ್ದರೆ ಈ ಕಥೆ ಇಲ್ಲಿಗೇ ಮುಗಿದು, ಓದುಗರ ಸಮಯವೂ ಉಳಿಯುತ್ತಿತ್ತು. ಆದರೆ ಪ್ರಶ್ನೆ ಕೇಳಿದವರು ಕಿಟಕಿಯ ಹೊರಗೆ ನೋಡುತ್ತಿರಲಿಲ್ಲ. ಇಂಥ ಶ್ರೋತೃವನ್ನು ಮೇಷ್ಟ್ರು ತಮ್ಮ ವೃತ್ತಿಜೀವನದಲ್ಲಿ ಕಂಡವರಲ್ಲ. ಅವರು ನೆಲದ ಮೇಲೆಯೇ ಕುಳಿತು ಆಲ್ಫಾದಿಂದ ಆರಂಭಿಸಿದರು. ಕಾಗದ ಬಂತು, ಅಲ್ಯೂಮಿನಿಯಂ ಬಂತು. ಬಟ್ಟೆಯ ಗತಿ ಏನೆಂದು ಅತ್ತೆಯವರು ಕೇಳಲಾಗಿ, ಗಾಮಾದ ಮುಂದೆ ಬಟ್ಟೆ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂದು ತೀರ್ಪಿತ್ತರು. ಕೊನೆಗೆ, ಅಂಥ ಗಾಮಾವನ್ನೂ ಹೀರಿ ನಿಲ್ಲಿಸುವ ಪರಾಕ್ರಮಿ ಈ ಬೀರುವಿನ ಕೆಳಗೆ ಮಲಗಿದೆ ಎಂದು ಹಲಗೆಯನ್ನು ತಟ್ಟಿ ಉಪನ್ಯಾಸ ಮುಗಿಸಿದರು. ಕಿರಣಗಳು ಕಾಲೇಜಿನ ಬಿಲ್ಲೆಯಿಂದ ಹೊರಡುತ್ತವೆಯೇ ಹೊರತು ಈ ಕೋಣೆಯಲ್ಲಿ ಅಂಥದ್ದೇನೂ ಇಲ್ಲವೆಂಬ ಒಂದೇ ಒಂದು ವಾಕ್ಯವನ್ನು ಹೇಳಲು ಮರೆತರು.

ಆ ರಾತ್ರಿ ಅತ್ತೆಯವರು ಮಲಗಿದವರು ಬಿಸಿಲು ಮಂಚಕ್ಕೆ ಬರುವವರೆಗೂ ಏಳಲಿಲ್ಲ. ಮಗಳು ಗಾಬರಿಯಾಗಿ ಮೂಗಿನ ಹತ್ತಿರ ಕೈಯಿಟ್ಟು ನೋಡಿದಳು. ಕಣ್ಣುಬಿಟ್ಟ ಅತ್ತೆಯವರು ಮಗಳನ್ನು ದಾಟಿ ಹಿಂದೆ ನಿಂತಿದ್ದ ಮೇಷ್ಟ್ರನ್ನು ನೋಡಿ, ಮದುವೆಯಾದಂದಿನಿಂದ ಮೊದಲ ಬಾರಿಗೆ ಬಾಯಿತುಂಬ ಕರೆದರು:

"ಅಳಿಯಂದ್ರೇ, ನನ್ನ ನಿದ್ದೆ ತಿಂತಿದ್ದದ್ದು ಕಿರಣ. ನಿಮ್ಮ ಸೀಸ ಅದನ್ನ ತಡೀತು."

ಮೇಷ್ಟ್ರು ಬಾಯಿ ತೆರೆದರು. ವಿಜ್ಞಾನವನ್ನು ಕಾಪಾಡುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತೆಂದು ಅವರ ಪರವಾಗಿ ನಾವು ಪ್ರಮಾಣ ಮಾಡಬಲ್ಲೆವು. ಆದರೆ 'ಅಳಿಯಂದ್ರೇ' ಎಂಬ ಬಹುವಚನ ಕಿವಿಯಲ್ಲಿ ಇನ್ನೂ ಗುಂಯ್ಗುಡುತ್ತಿತ್ತು. ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿಕೊಂಡು ಹಲ್ಲುಜ್ಜಲು ಹೋದರು.

ಅದೇ ವಾರ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥೆ ಅವರನ್ನು ಕರೆಸಿದರು. ಈಕೆ ಧ್ವನಿಯೇರಿಸದೆ ಎದುರಿನವರ ಬೆವರಿಳಿಸಬಲ್ಲ ಹೆಂಗಸು. ಪ್ರಯೋಗಾಲಯದ ತಪಾಸಣೆಗೆ ಮೇಲಿನಿಂದ ಅಧಿಕಾರಿಯೊಬ್ಬರು ಬರುವವರಿದ್ದಾರೆ. ಮೂಲೆಯ ಮೇಜನ್ನು ಮುಂದುವರಿಸಬೇಕೋ ಮುಚ್ಚಬೇಕೋ ಎಂಬುದು ಅವರ ವರದಿಯ ಮೇಲೆ ನಿಂತಿದೆ. ಮೇಜು ಮುಚ್ಚಿದರೆ ಮೇಷ್ಟ್ರಿಗೆ ಇಲ್ಲಿ ಕೆಲಸವಿರುವುದಿಲ್ಲ, ಬೇಕಿದ್ದರೆ ಕಾಲೇಜಿನ ಹೆಬ್ಬಾಗಿಲಲ್ಲಿ ಸೈಕಲ್‌ಗಳನ್ನು ಸಾಲಾಗಿ ನಿಲ್ಲಿಸುವ ಜವಾಬ್ದಾರಿ ಖಾಲಿಯಿದೆ—ಇಷ್ಟನ್ನು ತಣ್ಣಗೆ ತಿಳಿಸಿ, ಸೀಸದ ಹಲಗೆ ಎಲ್ಲಿ ಎಂದರು.

"ತೊಳೆದು ಒಣಗಿಸೋಕೆ ಇಟ್ಟಿದೀನಿ ಮೇಡಂ."

"ಸೀಸ ಒಣಗೋಕೆ ಎಷ್ಟು ದಿನ ಬೇಕು?" ಎಂದು ಮುಖ್ಯಸ್ಥೆ ಕೇಳಿದರು. ಮೇಷ್ಟ್ರು ಅದು ಹವಾಮಾನವನ್ನು ಅವಲಂಬಿಸಿದೆ ಎಂದರು.

ಮರುದಿನ ಬೆಳಿಗ್ಗೆ, ಅತ್ತೆಯವರು ಸ್ನಾನಕ್ಕೆ ಹೋದ ಸಮಯ ನೋಡಿ, ತಮ್ಮ ಮನೆಯಲ್ಲಿ ತಾವೇ ಕಳ್ಳರಂತೆ ಬಗ್ಗಿ, ಹಲಗೆಯನ್ನು ಎಳೆದು ಚೀಲಕ್ಕೆ ಹಾಕಿಕೊಂಡು ನಡೆದರು. ಅಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಅತ್ತೆಯವರು ಕಣ್ಣು ಮುಚ್ಚಿದ ಗಳಿಗೆಯಲ್ಲೇ ತಿವಿದಂತಾಗಿ ಎದ್ದು ಕುಳಿತರು. ಬೀರುವಿನ ಕೆಳಗೆ ನೋಡಿದರೆ ಜಾಗ ಖಾಲಿ. ಕಿರಣ ಬಂತೆಂದು ಅವರು ಮಾಡಿದ ಗದ್ದಲಕ್ಕೆ ಮಗಳು ಕಾಲೇಜಿಗೆ ಫೋನ್ ಮಾಡಿ, ಆ ದರಿದ್ರದ ತುಂಡನ್ನು ಸಂಜೆ ತರದಿದ್ದರೆ ನೀವೂ ಬರಬೇಡಿ ಎಂದಳು. ಹಲಗೆ ಸಂಜೆ ಹಿಂದಿರುಗಿತು. ಅತ್ತೆಯವರು ಬೆಳಗಿನವರೆಗೂ ನಿದ್ರಿಸಿದರು. ಹಲಗೆಯಿದ್ದಾಗ ನಿದ್ದೆ, ತೆಗೆದಾಗ ಎಚ್ಚರ, ಮತ್ತೆ ಇಟ್ಟಾಗ ನಿದ್ದೆ: ಮೂಲೆಯ ಮೇಜಿನ ಮೇಲೆ ಇಷ್ಟು ಅಚ್ಚುಕಟ್ಟಾದ ಫಲಿತಾಂಶ ಎಂದೂ ಬಂದಿರಲಿಲ್ಲ. ಮೇಷ್ಟ್ರಿಗೇ ಒಳಗೊಳಗೆ ಅನುಮಾನ ಹುಟ್ಟಿ, ಗೋಡೆಯನ್ನು ಒಮ್ಮೆ ಮೂಸಿ ನೋಡಿದರು.

ಅತ್ತೆಯವರು ಗುಟ್ಟು ಬಚ್ಚಿಡುವವರಲ್ಲ. ಹೊಲಿದ ಬಟ್ಟೆ ಕೊಡಲು ಬಂದ ಎದುರುಮನೆಯ ದರ್ಜಿಗೆ ಅಳಿಯನ ಉಪನ್ಯಾಸವನ್ನು ಚಾಚೂ ತಪ್ಪದೆ ಒಪ್ಪಿಸಿದರು. ದರ್ಜಿಗೆ ಸೀಸದ ವಿಷಯದಲ್ಲಿ ಆಕ್ಷೇಪವಿರಲಿಲ್ಲ. ಬಟ್ಟೆಯ ವಿಷಯದಲ್ಲಿ ಅವರ ಮುಖ ಕೆಂಪಾಯಿತು. ಸಂಜೆ ಮೇಷ್ಟ್ರು ಬರುವುದನ್ನೇ ಕಾದಿದ್ದು, ಇಂಚುಪಟ್ಟಿಯನ್ನು ಕೊರಳಲ್ಲಿ ಹಾಕಿಕೊಂಡೇ ಬಂದು ಕೇಳಿದರು:

"ಬಟ್ಟೆ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಅಂದ್ರಂತೆ. ನಾನು ಹೊಲಿದ ಕೋಟು ಹಾಕ್ಕೊಂಡು ನೀವು ಮದುವೆಗಳಿಗೆ ಹೋಗಿಲ್ವಾ?"

ಕಿರಣದ ಎದುರಿಗೆ ಮಾತ್ರ ಎಂದು ಮೇಷ್ಟ್ರು ಸಮಜಾಯಿಷಿ ಹೇಳುತ್ತಿರುವಾಗಲೇ ಬೀದಿಯ ತುದಿಯ ಪಾತ್ರೆ ಅಂಗಡಿಯವರು ಬಂದರು. ಅಲ್ಯೂಮಿನಿಯಂ ಬರೀ ಬೀಟಾವನ್ನಷ್ಟೇ ತಡೆಯುತ್ತದೆಂದು ಮೇಷ್ಟ್ರು ಹೇಳಿದ್ದಾರೆಂದು ತಿಳಿದು, ಒಬ್ಬ ಗಿರಾಕಿ ಆರಿಸಿಟ್ಟ ಪಾತ್ರೆಯನ್ನು ಕೈಬಿಟ್ಟು, ಸೀಸದ ಪಾತ್ರೆ ಇದೆಯೇ ಎಂದು ಕೇಳಿದನಂತೆ. ಮೇಷ್ಟ್ರು ಹೌಹಾರಿ, ಸೀಸ ವಿಷ, ಅದರಲ್ಲಿ ಬೇಯಿಸಿ ತಿಂದರೆ ಕಿರಣ ಬರುವವರೆಗೆ ಕಾಯಬೇಕಾಗುವುದಿಲ್ಲ ಎಂದರು. ಪಾತ್ರೆಯವರು ತುಸು ಸಮಾಧಾನಗೊಂಡು, ಹಾಗಾದರೆ ಆ ಮಾತನ್ನು ಅಂಗಡಿಯ ಮುಂದೆ ನಿಂತು ಹೇಳಿ ಎಂದರು.

ಇಷ್ಟರಲ್ಲಿ ಮೆಟ್ಟಿಲ ಮೇಲೆ ಗಟ್ಟಿ ಅಟ್ಟೆಯ ಸದ್ದಾಯಿತು. ಯಜಮಾನರು ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಇಳಿದು ಬಂದರು.

"ಮೇಷ್ಟ್ರೇ, ನಿಮ್ಮ ಮನೆಗೆ ಬರೋ ಕಿರಣವನ್ನ ನೀವು ತಡೆದ್ರಿ, ಸಂತೋಷ. ತಡೆದ ಕಿರಣ ಎಲ್ಲಿಗೆ ಹೋಗುತ್ತೆ?"

ಎಲ್ಲಿಗೂ ಹೋಗುವುದಿಲ್ಲ, ಸೀಸವು ಅದನ್ನು ಹೀರಿಕೊಳ್ಳುತ್ತದೆ ಎಂದು ಮೇಷ್ಟ್ರು ವಿವರಿಸಿದರು.

"ಕೆಳಗೆ ಅಡ್ಡಕಟ್ಟೆ ಹಾಕಿದ್ರೆ ನೀರು ಮೇಲಕ್ಕೆ ತಾನೆ ಏರೋದು? ನಿಮ್ಮ ಸೀಸ ಬಂದಾಗಿಂದ ನನ್ನ ಸೊಂಟ ಹಿಡ್ಕೊಂಡಿದೆ. ನೀವು ಬಾಡಿಗೆಗೆ ತಗೊಂಡಿರೋದು ಕೆಳಗಿನ ಮನೆ. ಮೇಲಕ್ಕೆ ಏನನ್ನಾದರೂ ಕಳಿಸೋಕೆ ನಿಮಗೆ ಹಕ್ಕಿಲ್ಲ."

ಒಳಗಿನಿಂದ ಅತ್ತೆಯವರ ಧ್ವನಿ ಕೇಳಿಸಿತು. "ಕಿರಣ ಬರ್ತಿದ್ದದ್ದೇ ಮೇಲಿಂದ. ನಮ್ಮ ತಲೆ ಮೇಲೆ ಯಾರಿದಾರೆ ಅಂತ ಅವರೇ ಯೋಚನೆ ಮಾಡ್ಲಿ."

ಅತ್ತ ಮನೆ ಕೊಟ್ಟ ಯಜಮಾನರು, ಇತ್ತ ಮಗಳು ಕೊಟ್ಟ ಅತ್ತೆಯವರು. ಇಬ್ಬರನ್ನೂ ಒಲಿಸಿಕೊಳ್ಳುವ ಒಂದು ಮಾತನ್ನು ಹುಡುಕುತ್ತ ಮೇಷ್ಟ್ರು, ಎರಡು ಮನೆಗಳ ನಡುವೆ ಕಾಂಕ್ರೀಟ್ ಇದೆಯಲ್ಲ, ಕಾಂಕ್ರೀಟೂ ಗಾಮಾವನ್ನು ಹೀರುತ್ತದೆ, ದಪ್ಪವಾಗಿದ್ದರೆ ಎಂದರು. 'ದಪ್ಪವಾಗಿದ್ದರೆ' ಎಂಬ ಕೊನೆಯ ಪದ ಬೇಕಿರಲಿಲ್ಲ. ಯಜಮಾನರು ಸೊಂಟದಿಂದ ಕೈ ತೆಗೆದರು. ನೋವು ಎಲ್ಲಿ ಹೋಯಿತೋ ಕಾಣೆ.

"ನಾನು ನಿಂತು ಹಾಕಿಸಿದ ಕಾಂಕ್ರೀಟ್ ತೆಳ್ಳಗಿದೆ ಅಂತೀರಾ?"

ಮೂವರೂ ಈಗ ಒಂದಾದರು. ಕೋಟು, ಪಾತ್ರೆ, ಕಾಂಕ್ರೀಟುಗಳ ಮಾನ ಹರಾಜಾಗಿದೆ. ಹೇಳಿದವರೇ ಸಾಬೀತು ಮಾಡಲಿ ಎಂದು ಪಟ್ಟು ಹಿಡಿದರು. ಮೇಷ್ಟ್ರು ತಪ್ಪಿಸಿಕೊಳ್ಳುವ ಆತುರದಲ್ಲಿ, ಒಂದು ದಿನ ಎಲ್ಲರೂ ಕಾಲೇಜಿಗೆ ಬನ್ನಿ, ಯಂತ್ರದ ಮುಂದೆ ಇಟ್ಟೇ ತೋರಿಸುತ್ತೇನೆ ಎಂದುಬಿಟ್ಟರು. 'ಒಂದು ದಿನ' ಎಂದರೆ ಎಂದೂ ಅಲ್ಲವೆಂಬುದು ಸಭ್ಯರೆಲ್ಲ ಬಲ್ಲ ಅರ್ಥ. ಮೇಷ್ಟ್ರು ಅದನ್ನು ನಂಬಿ ಒಳಗೆ ಹೋಗಿ ನೀರು ಕುಡಿದರು.

ತಪಾಸಣೆಯ ದಿನ ಬಂದೇ ಬಂತು. ಅಷ್ಟರವರೆಗೂ ಮೇಷ್ಟ್ರು ತಮ್ಮ ಕೆಲಸಕ್ಕೆ ಒದಗಿದ ಕುತ್ತನ್ನು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಬಿಟ್ಟರೆ ಬಹುವಚನ ಹೋಗುತ್ತದೆಂಬ ಭಯ. ಕಾಲೇಜಿನಲ್ಲಿ ಒಂದು ಪ್ರದರ್ಶನವಿದೆ, ಹಲಗೆಯನ್ನು ಒಂದು ದಿನಕ್ಕೆ ಕೊಡಿ ಎಂದಷ್ಟೇ ಬೇಡಿದರು. ಅತ್ತೆಯವರು ಬಹಳ ಯೋಚಿಸಿ ಮಾರ್ಗವೊಂದನ್ನು ಕಂಡುಹಿಡಿದರು. ಹಿಂದೊಮ್ಮೆ ಕದ್ದೊಯ್ದ ವಸ್ತುವನ್ನು ಅದೇ ಕೈಗೆ ಒಪ್ಪಿಸುವಂತಿಲ್ಲ. ಸೀಸ ಹೋಗುವ ಕಡೆ ತಾವೂ ಹೋಗುವುದು, ಅದು ಬರುವಾಗ ತಾವೂ ಬರುವುದು. ಹೊತ್ತೊಯ್ಯಲೆಂದು ದರ್ಜಿಯಿಂದ ಎರಡು ಹಿಡಿಯ ಗಟ್ಟಿ ಚೀಲವೊಂದನ್ನು ಆಗಲೇ ಹೊಲಿಸಿ ಇಟ್ಟಿದ್ದರು. ದರ್ಜಿಯಿಂದ ಸುದ್ದಿ ಪಾತ್ರೆಯವರಿಗೆ, ಪಾತ್ರೆಯವರಿಂದ ಯಜಮಾನರಿಗೆ ತಲುಪಿತು. 'ಒಂದು ದಿನ' ಬಂತೆಂದು ಮೂವರೂ ಸಿದ್ಧರಾದರು. ಹೆಂಡತಿ ಬೀರುವನ್ನು ಎತ್ತಿ ಹಿಡಿದಳು, ಮೇಷ್ಟ್ರು ಹಲಗೆಯನ್ನು ಎಳೆದರು, ಅತ್ತೆಯವರು ಚೀಲದ ಬಾಯಿ ತೆರೆದು ಹಿಡಿದರು. ಎಲ್ಲರೂ ಒಂದೇ ಬಾಡಿಗೆ ಕಾರಿನಲ್ಲಿ ಇಕ್ಕಟ್ಟಾಗಿ ಕುಳಿತು ಹೊರಟರು. ಹೆಂಡತಿ ಮಾತ್ರ ಮನೆಯಲ್ಲೇ ಉಳಿದಳು. ಯಾರಾದರೂ ಒಬ್ಬರು ಬುದ್ಧಿ ನೆಟ್ಟಗಿರುವವರು ಮನೆಯಲ್ಲಿರಬೇಕೆಂದು ಅವಳ ಅಭಿಪ್ರಾಯ.

ಪ್ರಯೋಗಾಲಯದ ಬಾಗಿಲಲ್ಲಿ ಮುಖ್ಯಸ್ಥೆ ನಿಂತಿದ್ದರು. ಒಳಗೆ ಬಂದ ಮೆರವಣಿಗೆಯನ್ನು ಅವರು ಒಬ್ಬೊಬ್ಬರನ್ನಾಗಿ ನೋಡಿದರು: ತೋಳಿನ ಮೇಲೆ ಉಣ್ಣೆಯ ಕೋಟು ಹಾಕಿಕೊಂಡ ದರ್ಜಿ, ಎದೆಗವಚಿಕೊಂಡ ಪಾತ್ರೆಯೊಂದಿಗೆ ಪಾತ್ರೆಯವರು, ಮನೆ ಕಟ್ಟಿದಾಗ ಉಳಿದಿದ್ದ ಕಾಂಕ್ರೀಟ್ ಗಟ್ಟಿಯನ್ನು ಹೊತ್ತು ಏದುಸಿರು ಬಿಡುತ್ತಿದ್ದ ಯಜಮಾನರು.

"ಇವರು ಯಾರು?" ಎಂದು ಮೆಲ್ಲಗೆ ಕೇಳಿದರು.

"ಕಿರಣ ಹೀರೋ ವಸ್ತುಗಳನ್ನ ತಂದವರು ಮೇಡಂ."

"ಆ ಅಮ್ಮನವರು?"

"ಅವರು ಸೀಸ."

ಮುಖ್ಯಸ್ಥೆ ಇನ್ನೇನೋ ಕೇಳುವವರಿದ್ದರು. ಅಷ್ಟರಲ್ಲಿ ತಪಾಸಣಾಧಿಕಾರಿ ಒಳಗೆ ಬಂದರು. ಸಣಕಲು ಮೈಯ, ಮಿತಭಾಷಿಯಾದ ವೃದ್ಧರು. ಒಂದೊಂದು ಮೇಜನ್ನು ನೋಡಿ "ಮುಂದೆ" ಎನ್ನುವುದಷ್ಟೇ ಅವರ ಸಂಭಾಷಣೆ. ಮೂಲೆಯ ಮೇಜಿಗೆ ಬಂದು, ಬೆಂಚಿನ ಮೇಲೆ ಸಾಲಾಗಿ ಕುಳಿತಿದ್ದ ನಾಲ್ವರನ್ನು ನೋಡಿ, ಯಾರನ್ನೂ ಏನೂ ಕೇಳದೆ ಕುರ್ಚಿಯೆಳೆದು ಕುಳಿತರು.

ಮೇಷ್ಟ್ರು ಚಿಮಟ ಹಿಡಿದರು. ಆಲ್ಫಾ ಬಿಲ್ಲೆ, ಯಂತ್ರ ಸದ್ದು ಮಾಡಿತು, ನಡುವೆ ಒಂದು ಹಾಳೆ ಕಾಗದ ಬಂದೊಡನೆ ಸದ್ದು ಇಳಿದುಹೋಯಿತು. "ಮುಂದೆ." ಬೀಟಾ ಬಿಲ್ಲೆ. ಪೆಟ್ಟಿಗೆಯಲ್ಲಿದ್ದ ಅಲ್ಯೂಮಿನಿಯಂ ತಗಡಿಗೆ ಕೈ ಹಾಕುವಷ್ಟರಲ್ಲಿ ಪಾತ್ರೆಯವರು ಎದ್ದು ಬಂದು ತಮ್ಮ ಪಾತ್ರೆಯನ್ನು ಕೈಗಿತ್ತರು. ಅಧಿಕಾರಿಗಳು ತಡೆಯಲಿಲ್ಲ. ಪಾತ್ರೆ ದಪ್ಪ ತಳದ್ದು. ಬೀಟಾ ಅದರ ಮುಂದೆ ಉಸಿರೆತ್ತಲಿಲ್ಲ. ಪಾತ್ರೆಯವರು, ಸಾಮಾನು ಕೊಂಡ ಗಿರಾಕಿಯನ್ನು ನೋಡುವಂತೆ, ಅಧಿಕಾರಿಗಳನ್ನು ಪ್ರೀತಿಯಿಂದ ನೋಡಿದರು. ಆದರೆ ಗಾಮಾ ಬಿಲ್ಲೆ ಬಂದಾಗ ಅದೇ ಪಾತ್ರೆಯ ಹಿಂದೆ ಯಂತ್ರ ಮೊದಲಿನಂತೆಯೇ ಹರಟತೊಡಗಿತು. ಅವರು ಪಾತ್ರೆಯನ್ನು ಒಳಗೆಲ್ಲಾದರೂ ತೂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ ಕುಳಿತರು.

ದರ್ಜಿಯ ಕೋಟಿನ ಸರದಿ ಬಂತು. ಟಿಕ್ ಟಿಕ್ ಕೋಟನ್ನು ಹಾದು, ಕೋಟೇ ಇಲ್ಲವೆಂಬಂತೆ ಆಚೆಗೆ ಬಂತು. ಮಡಿಚಿಟ್ಟರೂ ಅಷ್ಟೇ. ದರ್ಜಿ ಕೋಟನ್ನು ಕೊಡವಿ ತೋಳಿನ ಮೇಲೆ ಹಾಕಿಕೊಂಡು, ಅಳತೆ ಕೊ‌ಡದೆ ಬಂದ ಕಿರಣಕ್ಕೆ ಹೊಲಿಗೆ ಹೊಂದುವುದು ಹೇಗೆ ಎಂದರು. ಅಧಿಕಾರಿಗಳ ತುಟಿಯ ಒಂದು ಮೂಲೆ ಅಲುಗಿತು. "ಮುಂದೆ."

ಯಜಮಾನರು ಕಾಂಕ್ರೀಟ್ ಗಟ್ಟಿಯನ್ನು ತಾವೇ ಎತ್ತಿ ಬಿಲ್ಲೆಯ ಮುಂದೆ ಇಟ್ಟರು. ಎಣಿಕೆ ಅರ್ಧಕ್ಕಿಂತ ಕೆಳಗೆ ಕುಸಿಯಿತು. ಯಜಮಾನರ ಎದೆ ಉಬ್ಬಿತು. ಅಧಿಕಾರಿಗಳು ಬಗ್ಗಿ ಗಟ್ಟಿಯ ಅಂಚನ್ನು ಉಗುರಿನಿಂದ ಕೆರೆದರು. ಮರಳು ಪುರಪುರನೆ ಉದುರಿ ಮೇಜಿನ ಮೇಲೆ ಒಂದು ಪುಟ್ಟ ಗುಡ್ಡೆಯಾಯಿತು.

"ನಿಮ್ಮ ಮನೆ ನೆಲ ಅದುರುತ್ತಾ?" ಎಂದು ಕೇಳಿದರು. ಅಂದು ಅವರು ಆಡಿದ ಅತ್ಯಂತ ದೀರ್ಘ ವಾಕ್ಯ ಅದು. ಯಜಮಾನರು ಗಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು.

"ಮುಂದೆ?"

ಮುಂದೆ ಸೀಸ. ಮೇಷ್ಟ್ರು ಕೈ ಚಾಚಿದರು. ಅತ್ತೆಯವರು ಚೀಲವನ್ನು ಮಡಿಲಿಗೆ ಇನ್ನಷ್ಟು ಒತ್ತಿಕೊಂಡರು. ಯಂತ್ರದ ಹರಟೆಯನ್ನು ಅಷ್ಟು ಹೊತ್ತು ಕೇಳಿದ ಮೇಲೆ ಸೀಸದ ಬೆಲೆ ಅವರ ಕಣ್ಣಿನಲ್ಲಿ ನೂರ್ಮಡಿಯಾಗಿತ್ತು. ಪಾತ್ರೆಯನ್ನೂ ಕೋಟನ್ನೂ ತೂರಿಕೊಂಡು ಬರುವಂಥ ಶತ್ರುವಿನ ಎದುರಿಗೆ ಇದನ್ನು ಕೈಬಿಟ್ಟು ಬರಿಗೈಯಲ್ಲಿ ಕೂರುವುದೆಂದರೇನು? ಅವರು ಮೆಲ್ಲನೆ ತಲೆಯಲ್ಲಾಡಿಸಿದರು. ಅಧಿಕಾರಿಗಳು ಗಡಿಯಾರ ನೋಡಿದರು. ಮುಖ್ಯಸ್ಥೆ ಕಿಟಕಿಯ ಹೊರಗೆ, ಹೆಬ್ಬಾಗಿಲ ಬಳಿಯಿದ್ದ ಸೈಕಲ್‌ಗಳ ಸಾಲನ್ನು ನೋಡಿದರು. ಮೇಷ್ಟ್ರೂ ನೋಡಿದರು.

ಆಮೇಲೆ ಅವರು ಅತ್ತೆಯವರ ಮುಂದೆ ಹೋಗಿ ನಿಂತರು. ಎಂದೂ ಆಡದಷ್ಟು ಚಿಕ್ಕ ಭಾಷಣವನ್ನು ಅಂದು ಆಡಿದರು.

"ಅತ್ತೆ, ನಮ್ಮ ಮನೆಯಲ್ಲಿ ಇಂಥ ಬಿಲ್ಲೆ ಯಾವುದೂ ಇಲ್ಲ. ಅಲ್ಲಿರೋ ಕಿರಣ ಎಲ್ಲ ಕಡೆ ಇರೋವಷ್ಟೇ. ನೀವು ಹುಟ್ಟಿದಾಗಲೂ ಇತ್ತು, ಈ ಸೀಸ ಅದಕ್ಕೆ ತಂದದ್ದಲ್ಲ. ಬೀರು ಅಲ್ಲಾಡ್ತಿತ್ತು ಅಂತ ಕಾಲೇಜಿಂದ ತಂದೆ. ನೀವು ಅಳಿಯಂದ್ರೇ ಅಂತ ಕರೆದ್ರಿ, ಅದಕ್ಕೆ ಸುಮ್ಮನಿದ್ದೆ. ಇವತ್ತು ಇದು ಈ ಮೇಜಿನ ಮೇಲೆ ಇಲ್ಲದಿದ್ರೆ ನನ್ನ ಕೆಲಸ ಹೋಗುತ್ತೆ."

ಯಂತ್ರವೊಂದೇ ತನ್ನ ಪಾಡಿಗೆ ಟಿಕ್ ಟಿಕ್ ಎನ್ನುತ್ತಿತ್ತು. ಅತ್ತೆಯವರು ಅಳಿಯನನ್ನು ಮೇಲಿನಿಂದ ಕೆಳಗೆ ನೋಡಿದರು, ಚೀಲದ ಹಿಡಿಗಳನ್ನು ಬಿಡಿಸಿದರು, ಹಲಗೆಯನ್ನು ಎರಡು ಕೈಯಲ್ಲೂ ಎತ್ತಿ ಕೊಟ್ಟರು.

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು? ನಿದ್ದೆ ಇಲ್ಲದೆ ಬದುಕಿ ನನಗೆ ಅಭ್ಯಾಸ ಇದೆ. ಕೆಲಸ ಇಲ್ಲದ ಅಳಿಯನ ಜೊತೆ ಬದುಕಿ ಅಭ್ಯಾಸ ಇಲ್ಲ."

ಹಲಗೆ ಬಿಲ್ಲೆಯ ಮುಂದೆ ನಿಂತಿತು. ಹರಟುತ್ತಿದ್ದ ಯಂತ್ರ ಹಿರಿಯರು ಒಳಗೆ ಬಂದಂತೆ ತಗ್ಗಿ, ಆಗೊಮ್ಮೆ ಈಗೊಮ್ಮೆ ಎಂಬಂತೆ ನುಡಿಯತೊಡಗಿತು.

"ಮುಂದೆ?"

"ಮುಂದೆ ಏನೂ ಇಲ್ಲ ಸಾರ್. ಇಷ್ಟೇ."

ಅಧಿಕಾರಿಗಳು ಎದ್ದು, ಕೋಟು, ಪಾತ್ರೆ, ಕಾಂಕ್ರೀಟುಗಳತ್ತ ಇನ್ನೊಮ್ಮೆ ಕಣ್ಣು ಹಾಯಿಸಿ ಹೊರಟರು. ಆಮೇಲೆ ಬಂದ ವರದಿಯಲ್ಲಿ, ನಾಗರಿಕರು ತಮ್ಮ ತಮ್ಮ ವಸ್ತುಗಳನ್ನು ಸ್ವಂತ ಖರ್ಚಿನಲ್ಲಿ ಹೊತ್ತು ತಂದು ಪರೀಕ್ಷಿಸಿಕೊಳ್ಳುವ ಇಂಥ ಮೇಜು ಬೇರೆಲ್ಲಿಯೂ ಕಂಡಿಲ್ಲವೆಂದೂ, ಇದನ್ನು ಮುಚ್ಚಬಾರದೆಂದೂ ಇತ್ತು. ಮುಖ್ಯಸ್ಥೆ ಅದನ್ನು ಓದಿ ಹೇಳುವಾಗಲೂ ಧ್ವನಿಯೇರಿಸಲಿಲ್ಲ. ಸೀಸ ಇನ್ನು ಮುಂದೆ ಇಲ್ಲೇ ಒಣಗಲಿ ಎಂದಷ್ಟೇ ಸೇರಿಸಿದರು. ಹಲಗೆಯನ್ನು ಬೀಗದ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ತಪಾಸಣೆಯ ದಿನವೇ ತಮ್ಮಲ್ಲಿ ಇಟ್ಟುಕೊಂಡಿದ್ದರು.

ಅಂದು ಹಿಂದಿರುಗುವಾಗ ಕಾರಿನಲ್ಲಿ ಅತ್ತೆಯವರ ಮಡಿಲಲ್ಲಿ ಖಾಲಿ ಚೀಲವಿತ್ತು. ಆ ರಾತ್ರಿ, ಯುದ್ಧಕ್ಕೆ ಹೊರಡುವವರಂತೆ ಹೊದಿಕೆ ಹೊದ್ದು ಮಲಗಿದರು. ಮೇಷ್ಟ್ರು ತಮ್ಮನ್ನು ಎಬ್ಬಿಸುವುದನ್ನು ಕಾಯುತ್ತ ಕಾಯುತ್ತ ಬೆಳಗು ಮಾಡಿದರು. ಯಾರೂ ಎಬ್ಬಿಸಲಿಲ್ಲ. ಮೇಲೆ ಯಜಮಾನರ ಗಟ್ಟಿ ಅಟ್ಟೆ ಗೋಡೆಯಿಂದ ಗೋಡೆಗೆ ನಡೆದು ಮುಗಿಸಿತು. ಬಿಸಿಲು ಮಂಚಕ್ಕೆ ಬಂತು. ಅತ್ತೆಯವರ ಗೊರಕೆ ನಿಲ್ಲಲಿಲ್ಲ.

ಮೇಷ್ಟ್ರು ಬೆರಗಾಗಿ ಕೋಣೆಯ ಬಾಗಿಲಲ್ಲಿ ನಿಂತರು. ಏನೋ ಒಂದು ಇರಬೇಕಾದದ್ದು ಅಲ್ಲಿ ಇಲ್ಲವೆನಿಸಿತು. ಬಹಳ ಹೊತ್ತು ನಿಂತ ಮೇಲೆ, ಇಲ್ಲದ್ದು ಒಂದು ಸದ್ದು ಎಂದು ಹೊಳೆಯಿತು. ಬಗ್ಗಿ ನೋಡಿದರು. ಸೀಸವಿದ್ದ ಜಾಗದಲ್ಲಿ, ಮಿಕ್ಸಿ ಬಂದಿದ್ದ ಪೆಟ್ಟಿಗೆಯ ರಟ್ಟು ಮಡಿಕೆಯ ಮೇಲೆ ಮಡಿಕೆಯಾಗಿ ಬೀರುವಿನ ಕಾಲನ್ನು ಹೊತ್ತು ಕುಳಿತಿತ್ತು. ಬಾಗಿಲು ಭದ್ರವಾಗಿ ಮುಚ್ಚಿತ್ತು.

ಹೆಂಡತಿ ಕಾಫಿ ಹಿಡಿದು ಬಂದು ಪಕ್ಕದಲ್ಲಿ ನಿಂತಳು. ಮೇಷ್ಟ್ರು ರಟ್ಟನ್ನು ನೋಡಿದರು, ಬೀರುವನ್ನು ನೋಡಿದರು, ಮೇಲಿನ ಸೂರನ್ನು ನೋಡಿದರು.

"ನಿಮ್ಮ ಅಮ್ಮ ಹೇಳಿದ್ದು ಸರಿ," ಎಂದರು ಕೊನೆಗೆ. "ಬರ್ತಿದ್ದದ್ದು ಮೇಲಿಂದಾನೇ."

"ಯಾವ ಕಿರಣಕ್ಕೆ ಏನು ಅಡ್ಡ ಇಡಬೇಕು ಅಂತ ಊರಿಗೆಲ್ಲ ಪಾಠ ಹೇಳ್ತೀರಿ," ಎಂದು ಹೆಂಡತಿ ಲೋಟವನ್ನು ಕೈಗಿತ್ತಳು. "ಇದು ಕಾಗದಕ್ಕೇ ನಿಲ್ಲೋ ಜಾತಿ."

ಮೇಷ್ಟ್ರು ಉತ್ತರ ಕೊಡಬಹುದಿತ್ತು. ರಟ್ಟು ಕುಗ್ಗುತ್ತದೆ, ತೇವ ಹೀರುತ್ತದೆ ಎಂಬ ಹಳೆಯ ವಾದಗಳು ಇನ್ನೂ ಸವೆಯದೆ ಉಳಿದಿದ್ದವು. ಅಷ್ಟರಲ್ಲಿ ಮಂಚದ ಮೇಲಿನ ಹೊದಿಕೆ ಅಲುಗಿತು. ಅತ್ತೆಯವರು ಕಣ್ಣು ತೆರೆಯದೆಯೇ, ಗೋಡೆಯ ಕಡೆ ತಿರುಗಿ ಮಲಗುತ್ತ ಹೇಳಿದರು:

"ಬಾಗಿಲಲ್ಲಿ ಪಾಠ ಬೇಡ ಅಳಿಯಂದ್ರೇ. ನಿದ್ದೆ ಕೆಡುತ್ತೆ."